ವಾಹಿನಿಗಳ ನಾಮಕರಣ

ನಾಮಕರಣವನ್ನು ನಮ್ಮ ಹಿರಿಯರು ಷೋಡಶ ಸಂಸ್ಕಾರಗಳಲ್ಲಿ ಒಂದೆಂದು ಎಣಿಸಿದರು. ತೊಟ್ಟಿಲಿನ ಸುತ್ತ ನೆಂಟರಿಷ್ಟರು ಸೇರಿ, ಮಗುವಿನ ಕಿವಿಯಲ್ಲಿ ಮೆಲ್ಲನೆ ಉಸುರುವ ಆ ಒಂದು ಶಬ್ದದಲ್ಲಿ ಮನೆದೇವರು, ಗತಿಸಿದ ಅಜ್ಜ, ಹುಟ್ಟಿದ ನಕ್ಷತ್ರ, ತಾಯಿಯ ಆಸೆ ಇವೆಲ್ಲವೂ ಅಡಗಿರುವುವು. ಹೆಸರನ್ನು ಕೇಳಿದೊಡನೆಯೇ ಹುಡುಗನು ಯಾವ ಸೀಮೆಯವನೆಂದು ಊಹಿಸಬಹುದಾದ ಕಾಲವೊಂದಿತ್ತು. ಕೊಟ್ರೇಶನೆಂದರೆ ಕೊಟ್ಟೂರಿನ ಕಡೆಯ ಒಕ್ಕಲು. ಕರಿಬಸಪ್ಪನೆಂದರೆ ಉಕ್ಕಡಗಾತ್ರಿಯ ಅಜ್ಜಯ್ಯನಿಗೆ ನಡೆದುಕೊಳ್ಳುವವರ ಮನೆಯವನು. ಹಾಜರಿ ಪುಸ್ತಕವನ್ನು ಓದುತ್ತ ಓದುತ್ತ ತಾಲ್ಲೂಕಿನ ಭೂಗೋಳವನ್ನೇ ಕಲಿಯಬಹುದಾಗಿತ್ತು. ಹೆಸರೆಂಬುದು ಬರಿಯ ಗುರುತಲ್ಲ, ಅದೊಂದು ವಿಳಾಸ, ಒಂದು ಸಂಬಂಧ ಎಂಬುದನ್ನು ಗೃಹಸ್ಥರಾದವರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ.

ಈಗ ನಮ್ಮ ನಡುಮನೆಗಳಲ್ಲಿ ಬೇರೊಂದು ಬಗೆಯ ಮಕ್ಕಳು ಬಂದು ಕುಳಿತಿರುವರು. ಅವರೇ ಟೆಲಿವಿಷನ್ನಿನ ವಾಹಿನಿಗಳು. ಹಗಲು ರಾತ್ರಿಯೆನ್ನದೆ ಮಾತನಾಡುವ ಈ ಮಕ್ಕಳಿಗೂ ನಾಮಕರಣವಾಗುವುದು. ಅಷ್ಟೇ ಅಲ್ಲ, ಬೆಳೆದು ದೊಡ್ಡವರಾದ ಮೇಲೆ ಮರುನಾಮಕರಣವೂ ಆಗುವುದು. ಹೆಣ್ಣುಮಗಳಿಗೆ ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿ ಕೆಲವು ಮನೆಗಳಲ್ಲಿ ಇದ್ದುದನ್ನು ನಾವು ಬಲ್ಲೆವು. ಹಾಗೆ ಈ ವಾಹಿನಿಗಳೂ ಒಬ್ಬ ಒಡೆಯನ ಮನೆಯಿಂದ ಇನ್ನೊಬ್ಬ ಒಡೆಯನ ಮನೆಗೆ ಹೋದಾಗ ಹಳೆಯ ಹೆಸರನ್ನು ಬಾಗಿಲಾಚೆ ಬಿಟ್ಟು ಹೊಸ್ತಿಲು ದಾಟುವುವು. ಇದು ವ್ಯಾಪಾರಿಗಳ ವಿಷಯ, ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಮಕ್ಕಳು ಮೊಮ್ಮಕ್ಕಳು ಶಾಲೆಯ ಉಪಾಧ್ಯಾಯರಿಂದ ಕೇಳುವ ಕನ್ನಡಕ್ಕಿಂತ ಈ ಪೆಟ್ಟಿಗೆಯಿಂದ ಕೇಳುವ ಕನ್ನಡವೇ ಹೆಚ್ಚಾಗಿರುವಾಗ, ಅದರ ಹೆಸರೇನು, ಮನೆತನವೇನು, ಅದು ಯಾರ ಮಾತನ್ನಾಡುವುದು ಎಂದು ವಿಚಾರಿಸುವುದು ಮನೆಯ ಹಿರಿಯರ ಕರ್ತವ್ಯವೆಂದೇ ನನಗೆ ತೋರುವುದು.

ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳುವೆನು. ಬೆಂಗಳೂರಿನ ದೂರದರ್ಶನ ಕೇಂದ್ರವು ೧೯೮೧ರ ನವೆಂಬರ್ ೧ರಂದು ಆರಂಭವಾಯಿತು. ಆಗ ಇದ್ದುದು ಸರ್ಕಾರದ ಒಂದೇ ವಾಹಿನಿ. ಅದರಿಂದಲೇ ಮುಂದೆ ಕನ್ನಡಕ್ಕೆಂದು ಮೀಸಲಾದ 'ಚಂದನ' ಬಂದಿತು. ಖಾಸಗಿಯವರಲ್ಲಿ ಮೊದಲು ಬಂದುದು ೧೯೯೪ರಲ್ಲಿ 'ಉದಯ'. ಇದರ ಒಡೆತನ ಚೆನ್ನೈಯ ಸನ್ ಸಂಸ್ಥೆಯದು. ೨೦೦೦ದ ಡಿಸೆಂಬರಿನಲ್ಲಿ ಹೈದರಾಬಾದಿನ ರಾಮೋಜಿ ರಾಯರ ಬಳಗದಿಂದ 'ಈಟೀವಿ ಕನ್ನಡ', ೨೦೦೬ರಲ್ಲಿ ಮುಂಬಯಿಯಿಂದ 'ಝೀ ಕನ್ನಡ', ೨೦೦೭ರಲ್ಲಿ ಮಲೆಯಾಳದ ಏಷ್ಯಾನೆಟ್ಟಿನವರ 'ಸುವರ್ಣ' ಹುಟ್ಟಿದುವು. ಅದೇ ೨೦೦೭ರಲ್ಲಿ ಕರ್ನಾಟಕದವರೇ ಆದ ಒಡೆಯರಿಂದ 'ಕಸ್ತೂರಿ'ಯೂ ಬಂದಿತು. ಆ ಮೇಲೆ ಮರುನಾಮಕರಣಗಳ ಸರದಿ. ಈಟೀವಿ ಬಳಗದ ತೆಲುಗೇತರ ವಾಹಿನಿಗಳು ಬೇರೆ ಕೈಗೆ ಹೋಗಿ, ೨೦೧೫ರಲ್ಲಿ ಕನ್ನಡ, ಮರಾಠಿ, ಗುಜರಾತಿ, ಬಂಗಾಳಿ, ಒಡಿಯಾ ಈ ಐದು ಭಾಷೆಯ ವಾಹಿನಿಗಳಿಗೂ 'ಕಲರ್ಸ್' ಎಂಬ ಒಂದೇ ಹೆಸರಾಯಿತು. ಅದು ೨೦೦೮ರಲ್ಲಿ ಹುಟ್ಟಿದ ಒಂದು ಹಿಂದೀ ವಾಹಿನಿಯ ಹೆಸರು. ಮರುವರ್ಷ, ಎಂದರೆ ೨೦೧೬ರಲ್ಲಿ, ಸುವರ್ಣವು 'ಸ್ಟಾರ್ ಸುವರ್ಣ'ವಾಯಿತು.

೨೦೧೫ರ ಏಪ್ರಿಲಿನಲ್ಲಿ ದಾವಣಗೆರೆಯ ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ನನ್ನ ಸೋದರತ್ತೆ ಇದ್ದರು. ಅವರಿಗೆ ಇಂಗ್ಲಿಷಿನ ಅಕ್ಷರಗಳು ಬಾರವು. ಈಟೀವಿ ಎಂಬುದನ್ನು ಅವರು ಹದಿನಾಲ್ಕು ವರ್ಷವೂ 'ಈ ಟೀವಿ' ಎಂದೇ ತಿಳಿದಿದ್ದರು. ಎಂದರೆ, ಆ ಟೀವಿಯಲ್ಲ, ನಮ್ಮ ಮುಂದಿರುವ ಈ ಟೀವಿ. ಆ ಹೆಸರು ಒಂದು ತೆಲುಗು ಪತ್ರಿಕೆಯ ಹೆಸರಿನ ಮೊದಲಕ್ಷರವೆಂಬುದು ಅವರಿಗೆ ಬೇಕಾಗಿಯೂ ಇರಲಿಲ್ಲ. ಒಂದು ಸಂಜೆ ಪರದೆಯ ಮೂಲೆಯ ಗುರುತು ಬದಲಾದುದನ್ನು ಕಂಡು ನನ್ನನ್ನು ಕರೆದರು.

"ಅಲ್ಲೋ, ಈ ಟೀವಿ ಎಲ್ಲಿ ಹೋತು?"

"ಹೆಸರು ಬದಲಾಗಿದೆ ಅತ್ತೆ. ಕಥೆಗಳೆಲ್ಲ ಅವೇ ಇವೆ."

"ಯಾಕೆ, ಮನೆ ಮಾರ್‍ಯಾರೇನು?"

"ಹೌದು, ಬೇರೆಯವರು ಕೊಂಡಿದಾರೆ."

"ಹಂಗಾದ್ರೆ ಒಳಗಿರೋ ಬಾಡಿಗೆಯವರು ಇನ್ನೆಷ್ಟು ದಿನ ಇರ್ತಾರೋ ನೋಡು" ಎಂದು ಹೇಳಿ ಜಪಸರವನ್ನು ಕೈಗೆತ್ತಿಕೊಂಡರು.

ಒಡೆತನ, ಹೆಸರು, ಒಳಗಿನ ಕಥೆ ಇವು ಮೂರೂ ಬೇರೆ ಬೇರೆ ಎಂಬುದನ್ನು ಆ ವೃದ್ಧೆ ಎಷ್ಟು ಸುಲಭವಾಗಿ ಬೇರ್ಪಡಿಸಿದರೆಂದು ನನಗೆ ಆಶ್ಚರ್ಯವಾಯಿತು. ಈ ಲೇಖನದಲ್ಲಿ ನಾನು ಮಾಡಹೊರಟಿರುವುದೂ ಅವರ ಆ ಮಾತಿನ ವ್ಯಾಖ್ಯಾನವನ್ನೇ ಎನ್ನಬಹುದು.

ಮೊದಲು ಹೆಸರನ್ನು ನೋಡೋಣ. ವ್ಯಾಕರಣವನ್ನು ಓದಿದವನಿಗೆ ಎಲ್ಲೆಲ್ಲಿಯೂ ಸಮಾಸವೇ ಕಾಣುವುದು, ವಾಚಕರು ಕ್ಷಮಿಸಬೇಕು. ನಮ್ಮ ವಾಹಿನಿಗಳ ಹೆಸರುಗಳಲ್ಲಿ ಮೂರು ಬಗೆಗಳುಂಟು. 'ಉದಯ', 'ಚಂದನ', 'ಕಸ್ತೂರಿ' ಇವು ಒಂಟಿ ನಾಮಪದಗಳು. ಸನ್ ಸಂಸ್ಥೆಯವರು ತಮಿಳಿಗೆ ಸನ್, ತೆಲುಗಿಗೆ ಜೆಮಿನಿ, ಮಲೆಯಾಳಕ್ಕೆ ಸೂರ್ಯ, ಕನ್ನಡಕ್ಕೆ ಉದಯ ಎಂದು ಮನೆಗೊಂದು ಹೆಸರನ್ನಿಟ್ಟರು. ಒಡೆಯನೊಬ್ಬ, ಹೆಸರು ನಾಲ್ಕು. ಎರಡನೆಯ ಬಗೆ 'ಸ್ಟಾರ್ ಸುವರ್ಣ'. ಇಲ್ಲಿ ಮನೆತನದ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ. ಬಂಗಾಳದ ಜಲ್ಸಾ, ಮಹಾರಾಷ್ಟ್ರದ ಪ್ರವಾಹ್ ಎಂಬುವುಗಳಿಗೂ ಹೀಗೆಯೇ 'ಸ್ಟಾರ್' ಅಂಟಿಕೊಂಡಿರುವುದು. ಮೂರನೆಯದು 'ಝೀ ಕನ್ನಡ', 'ಕಲರ್ಸ್ ಕನ್ನಡ' ಎಂಬ ಬಗೆ. ಇಲ್ಲಿ ಮನೆತನದ ಹೆಸರಿನ ಮುಂದೆ ಭಾಷೆಯ ಹೆಸರು ಮಾತ್ರ ಇರುವುದು. ಸಂಸ್ಕೃತ ಕನ್ನಡ ಪದಗಳನ್ನು ಹೇಗೆಂದರೆ ಹಾಗೆ ಬೆಸೆಯುವುದನ್ನು ಅರಿಸಮಾಸವೆಂದು ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ದೋಷವೆಂದು ಎಣಿಸಿದನು. ಆದರೆ ಬಿರುದುಗಳಲ್ಲಿ ಅದಕ್ಕೆ ವಿನಾಯಿತಿಯನ್ನು ಕೊಟ್ಟನು. ಇಂಗ್ಲಿಷು ಸಂಸ್ಕೃತಗಳ ಈ ಹೊಸ ಜೋಡಿಗಳನ್ನೂ ಬಿರುದುಗಳೆಂದು ಭಾವಿಸಿದರೆ ವ್ಯಾಕರಣದ ಜಗಳ ಅಲ್ಲಿಗೆ ಮುಗಿಯುವುದು.

ವ್ಯಾಕರಣದ ಜಗಳ ಮುಗಿದರೂ ಅರ್ಥದ ಪ್ರಶ್ನೆ ಉಳಿಯುವುದು. ಈ ಮೂರನೆಯ ಬಗೆಯ ಹೆಸರು ಕಿವಿಗೆ ಏಕೆ ತುಸು ಬೇರೆಯಾಗಿ ಕೇಳಿಸುವುದೆಂದು ಬಹಳ ದಿನ ಯೋಚಿಸಿದೆನು. ಉತ್ತರವು ಬೆಂಗಳೂರಿನ ಒಂದು ಬೀದಿಯಲ್ಲಿ ಸಿಕ್ಕಿತು. ಅಲ್ಲಿ ಒಂದು ಹೋಟಲಿನ ಮೇಲೆ 'ದಾವಣಗೆರೆ ಬೆಣ್ಣೆ ದೋಸೆ' ಎಂಬ ದೊಡ್ಡ ಫಲಕವಿದ್ದಿತು. ನಮ್ಮೂರಿನಲ್ಲಿ ಯಾರೂ ಹಾಗೆನ್ನುವುದಿಲ್ಲ. ಬೆಣ್ಣೆದೋಸೆ ಎಂದರೆ ಸಾಕು. ಊರಿನ ಹೆಸರು ಬೇಕಾಗುವುದು ಊರಿನಾಚೆಗೆ ಮಾತ್ರ. ಹಾಗೆಯೇ 'ಕಲರ್ಸ್ ಕನ್ನಡ' ಎಂಬಲ್ಲಿರುವ 'ಕನ್ನಡ' ಎಂಬ ಪದವು ಕನ್ನಡಿಗನಿಗಾಗಿ ಬರೆದುದಲ್ಲ. ಹಲವು ಭಾಷೆಗಳ ಸರಕನ್ನು ಒಂದೇ ಉಗ್ರಾಣದಲ್ಲಿ ಜೋಡಿಸಿಟ್ಟು, ದೂರದಲ್ಲಿ ಕುಳಿತು ಎಣಿಸುವವನಿಗೆ ಯಾವ ಮೂಟೆ ಯಾವುದೆಂದು ತಿಳಿಯಲೆಂದು ಕಟ್ಟಿದ ಚೀಟಿ ಅದು. 'ಉದಯ', 'ಚಂದನ'ಗಳಾದರೋ ಒಳಮನೆಯಿಂದ ಕರೆದ ಹೆಸರುಗಳಂತೆ ಕೇಳಿಸುವುವು. ಇವೂ ಅಚ್ಚಗನ್ನಡವಲ್ಲ, ಭಾರತದ ಯಾವ ಭಾಷೆಗಾದರೂ ಒಗ್ಗುವ ಸಂಸ್ಕೃತ ಪದಗಳೇ. ಆದರೂ ನಮ್ಮವೆನಿಸುವುವು. ಇದರಿಂದ ತಿಳಿಯಬೇಕಾದುದೇನೆಂದರೆ, ಹೆಸರನ್ನು ನಮ್ಮದಾಗಿಸುವುದು ಅದರ ಹುಟ್ಟಲ್ಲ, ಅದನ್ನು ಎಲ್ಲಿ ನಿಂತು ಕರೆದರು ಎಂಬುದು.

ಹಾಗೆಂದ ಮಾತ್ರಕ್ಕೆ ಎಲ್ಲರಿಗೂ ಒಂದೇ ಹೆಸರೆಂಬುದೇ ಕೆಟ್ಟದ್ದೆಂದು ಹೇಳಲಾಗದು. ೧೯೩೫ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ರೇಡಿಯೋ ಕೇಂದ್ರವನ್ನು ಸ್ಥಾಪಿಸಿದರು. ಅದರ ಹೆಸರು 'ಆಕಾಶವಾಣಿ'. ಆ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುವರು. ಮೈಸೂರಿನ ಒಂದು ಮನೆಯಲ್ಲಿ ಹುಟ್ಟಿದ ಆ ಹೆಸರನ್ನು ಸ್ವಾತಂತ್ರ್ಯಾನಂತರ, ೧೯೫೦ರ ದಶಕದಲ್ಲಿ, ಭಾರತ ಸರ್ಕಾರವು ಇಡೀ ದೇಶದ ರೇಡಿಯೋ ಸಂಸ್ಥೆಗೆ ಸ್ವೀಕರಿಸಿತು. ೨೦೨೩ರಲ್ಲಿ ಇಂಗ್ಲಿಷಿನ ಹೆಸರನ್ನು ಬಿಟ್ಟು ಇದೊಂದನ್ನೇ ಉಳಿಸಿಕೊಳ್ಳುವುದೆಂದಾಯಿತು. ನಮಗೆ ಇದು ಹೆಮ್ಮೆಯ ಸಂಗತಿ. ಆದರೆ ಅದೇ ಹೆಸರು ತಮಿಳರಿಗೆ ಹೊರಗಿನದೆಂದು ತೋರಿತು; ಅವರು 'ವಾನೊಲಿ' ಎಂಬ ತಮ್ಮ ಪದವನ್ನು ಬಿಡಲೊಪ್ಪಲಿಲ್ಲ. ನಮ್ಮ ಹೆಸರು ದೇಶದ ಹೆಸರಾದಾಗ ಅದು ಐಕ್ಯ, ಬೇರೆಯವರ ಹೆಸರು ನಮ್ಮ ಮೇಲೆ ಬಂದಾಗ ಅದು ಹೇರಿಕೆ ಎಂದು ಹೇಳಿದರೆ ನ್ಯಾಯವಾಗಲಾರದು.

ಇನ್ನೂ ಸಮೀಪದ ನಿದರ್ಶನ ಹರಿಹರದಲ್ಲಿಯೇ ಇರುವುದು. ನನ್ನ ಪತ್ನಿಯ ತವರು ಹರಿಹರ. ೧೯೫೬ಕ್ಕೆ ಮುಂಚೆ ಅದು ಮೈಸೂರು ಸಂಸ್ಥಾನದ ಗಡಿಯ ಊರು. ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರು, ಮುಂಬಯಿ ಪ್ರಾಂತ. ೧೯೫೬ರ ನವೆಂಬರ್ ೧ರಂದು ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದುವು. ಆದರೆ ರಾಜ್ಯಕ್ಕೆ ಉಳಿದುದು 'ಮೈಸೂರು' ಎಂಬ ಹೆಸರೇ. ಆಚೆಯ ದಡದವರಿಗೆ ಇದು ಹಿಡಿಸಲಿಲ್ಲ. ಒಂದು ಭಾಗದ ಹೆಸರನ್ನು ಇಡೀ ನಾಡಿಗೆ ಹೊದಿಸುವುದು ಸಲ್ಲದೆಂಬುದು ಅವರ ವಾದ. ಹದಿನೇಳು ವರ್ಷಗಳ ಬಳಿಕ, ೧೯೭೩ರ ನವೆಂಬರ್ ೧ರಂದು, ದೇವರಾಜ ಅರಸರ ಆಡಳಿತದಲ್ಲಿ 'ಕರ್ನಾಟಕ' ಎಂಬ ಹೆಸರು ಬಂದಿತು. ಇಲ್ಲಿ ಎಲ್ಲರಿಗೂ ಒಂದೇ ಹೆಸರೆಂಬುದು ಯಾರನ್ನೂ ಅಳಿಸಲಿಲ್ಲ, ಬಿಟ್ಟುಹೋದವರನ್ನು ಒಳಗೊಂಡಿತು. ಹೀಗಿರಲು ಕೇಳಬೇಕಾದ ಪ್ರಶ್ನೆ ಹೆಸರು ಒಂದೋ ಹಲವೋ ಎಂಬುದಲ್ಲ. ಆ ಹೆಸರಿನ ಕೆಳಗೆ ಎಲ್ಲರಿಗೂ ಜಾಗವಿದೆಯೋ ಇಲ್ಲವೋ ಎಂಬುದು.

ವ್ಯಾಪಾರಿಗಳು ಒಂದೇ ಹೆಸರನ್ನು ಬಯಸುವುದೇಕೆಂಬುದನ್ನೂ ತಿಳಿಯಬೇಕು. ಅವರ ಲೆಕ್ಕಾಚಾರದಲ್ಲಿ ದುರುದ್ದೇಶವೇನೂ ಇಲ್ಲ. ವಾಹಿನಿಗಳ ಮುಖ್ಯ ವರಮಾನ ಜಾಹೀರಾತಿನದು. ಸಾಬೂನು, ಹಲ್ಲುಪುಡಿ, ಚಹಾಪುಡಿಗಳನ್ನು ದೇಶದಾದ್ಯಂತ ಮಾರುವ ಕಂಪನಿಯು ಮುಂಬಯಿಯಲ್ಲಿ ಕುಳಿತು ಹಣವನ್ನು ಹಂಚುವುದು. ಆರು ಭಾಷೆಗಳ ಆರು ಅಪರಿಚಿತ ಹೆಸರುಗಳಿಗಿಂತ ಒಂದೇ ಮನೆತನದ ಆರು ಮಕ್ಕಳನ್ನು ಒಟ್ಟಿಗೆ ಕೊಳ್ಳುವುದು ಆ ಕಂಪನಿಗೆ ಸುಲಭ. ೨೦೧೯ರಲ್ಲಿ ಟ್ರಾಯ್ ಸಂಸ್ಥೆಯು ಗ್ರಾಹಕರೇ ವಾಹಿನಿಗಳನ್ನು ಆರಿಸಿಕೊಳ್ಳಬೇಕೆಂಬ ನಿಯಮವನ್ನು ಜಾರಿಗೆ ತಂದಾಗ ನಮ್ಮ ಬೀದಿಯ ಕೇಬಲ್ಲಿನವನು ತಂದುಕೊಟ್ಟ ಪಟ್ಟಿಯನ್ನು ನೋಡಿದವರಿಗೆ ನೆನಪಿರಬಹುದು: ಅದರಲ್ಲಿ ಬಿಡಿ ವಾಹಿನಿಗಳಿಗಿಂತ ಕಂಪನಿಗಳ ಕಟ್ಟುಗಳೇ ಮುಂದಾಗಿ ಕಾಣುತ್ತಿದ್ದುವು. ಒಂದು ಕುಟುಂಬದ ಹೆಸರಿದ್ದರೆ ಒಂದು ಮಗುವಿನ ಜನಪ್ರಿಯತೆಯಿಂದ ಇನ್ನೊಂದೂ ಮಾರಾಟವಾಗುವುದು. ಕಥೆ, ಸ್ಪರ್ಧೆ, ಆಟಗಳ ಅಚ್ಚುಗಳನ್ನೂ ಒಂದು ಭಾಷೆಯಲ್ಲಿ ಪರೀಕ್ಷಿಸಿ ಇನ್ನೊಂದರಲ್ಲಿ ಹೊಯ್ಯಬಹುದು. ಸರ್ಕಾರದವರಿಗೂ ಈ ಗಾಳಿ ತಟ್ಟಿದೆ. ತಮಿಳಿನ ದೂರದರ್ಶನ ವಾಹಿನಿಗೆ ಅಗಸ್ತ್ಯರ ಬೆಟ್ಟದ 'ಪೊದಿಗೈ' ಎಂಬ ಸೊಗಸಾದ ಹೆಸರಿದ್ದಿತು. ೨೦೨೪ರ ಜನವರಿಯಲ್ಲಿ ಅದು 'ಡಿಡಿ ತಮಿಳು' ಎಂದಾಯಿತು. ನಮ್ಮ 'ಚಂದನ'ವು ತನ್ನ ಹೆಸರನ್ನು ಉಳಿಸಿಕೊಂಡಿರುವುದು ಸಮಾಧಾನ.

ಇರಲಿ, ಹೆಸರಿನಿಂದ ಒಳಗಿನ ಕಥೆಗೆ ಬರೋಣ. ನಮ್ಮ ನೆರೆಮನೆಯಲ್ಲಿ ಹತ್ತಿಯ ಗಿರಣಿಯಲ್ಲಿ ಕೆಲಸಮಾಡಿ ವಿಶ್ರಾಂತರಾದ ಹಿರಿಯರೊಬ್ಬರಿರುವರು. "ಮೇಷ್ಟ್ರೇ, ಥಾನಿನ ಮೇಲಿನ ಮುದ್ರೆ ನೋಡಿ ಬಟ್ಟೆ ತಗೋಬಾರದು, ಅಂಚು ಬಿಡಿಸಿ ನೂಲು ನೋಡಬೇಕು" ಎಂದು ಅವರು ಹೇಳುವರು. ಆ ರೀತಿ ನೂಲನ್ನು ಬಿಡಿಸಿ ನೋಡಿದರೆ ವಿಚಿತ್ರಗಳು ಕಾಣುವುವು. ತೆಲುಗು ಹೆಸರನ್ನು ಹೊತ್ತ ಈಟೀವಿಯಲ್ಲಿಯೇ ವೈಶಾಲಿ ಕಾಸರವಳ್ಳಿಯವರ 'ಮೂಡಲ ಮನೆ' ಬಂದಿತು. ಉತ್ತರ ಕರ್ನಾಟಕದ ದೊಡ್ಡ ಕುಟುಂಬವೊಂದರ ಕಥೆ. ಆಡುವ ಮಾತೂ ಅಲ್ಲಿಯದೇ. ದಾವಣಗೆರೆಯ ಗೃಹಿಣಿಯರು ರಾತ್ರಿಯ ರೊಟ್ಟಿಯನ್ನು ಬೇಗ ಬೇಯಿಸಿಟ್ಟು ಅದಕ್ಕಾಗಿ ಕಾದು ಕುಳಿತಿರುತ್ತಿದ್ದರು. ಹೆಸರು ಹೈದರಾಬಾದಿನದಾದರೂ ನೂಲು ನಮ್ಮ ಕಡೆಯದೇ ಆಗಿದ್ದಿತು. ಅದೇ ವಾಹಿನಿಯಲ್ಲಿ ೨೦೧೨ರಲ್ಲಿ ಆರಂಭವಾದ 'ಪುಟ್ಟಗೌರಿ ಮದುವೆ'ಗೆ ಮೂಲವು ರಾಜಸ್ಥಾನದ ಹಿನ್ನೆಲೆಯ 'ಬಾಲಿಕಾ ವಧು' ಎಂಬ ಹಿಂದೀ ಧಾರಾವಾಹಿ. ಅದು ಬಂದುದು ಅದೇ ಕಲರ್ಸ್ ವಾಹಿನಿಯಲ್ಲಿ. ಎಂದರೆ, ಹೆಸರು ಬದಲಾಗುವುದಕ್ಕೆ ಎರಡು ವರ್ಷಗಳಿಗೂ ಮುಂಚೆಯೇ ಕಥೆಯು ಬದಲಾಗಿದ್ದಿತು. ನಾವು ಹೆಸರಿಗಾಗಿ ಮರುಗಿದೆವು. ಬಾಡಿಗೆಯವರು ಅಷ್ಟರಲ್ಲಾಗಲೇ ಬಂದು ಒಲೆ ಹೂಡಿದ್ದರು.

ಒಡೆತನವನ್ನು ನೋಡಿದರೆ ಇನ್ನೂ ಸೋಜಿಗ. ೨೦೨೪ರ ನವೆಂಬರಿನಲ್ಲಿ ಆದ ವಿಲೀನದಿಂದ ಕಲರ್ಸ್ ಕನ್ನಡವೂ ಸ್ಟಾರ್ ಸುವರ್ಣವೂ ಜಿಯೋಸ್ಟಾರ್ ಎಂಬ ಒಂದೇ ಸಂಸ್ಥೆಯ ಸೊತ್ತಾದುವು. ಹಲವು ವರ್ಷ ಒಂದರೊಡನೊಂದು ಸೆಣಸಿದ ಎರಡು ಹೆಸರುಗಳು ಈಗ ಅಣ್ಣತಮ್ಮಂದಿರು. 'ಉದಯ'ವೆಂಬ ಮುದ್ದಾದ ಹೆಸರಿನ ಒಡೆತನ ಚೆನ್ನೈಯಲ್ಲಿಯೇ ಇರುವುದು. ಆದುದರಿಂದ ಹೆಸರು ಒಡೆತನವನ್ನು ತಿಳಿಸದು, ಒಡೆತನ ಕಥೆಯನ್ನು ತಿಳಿಸದು. ಇವನ್ನೆಲ್ಲ ದಾಟಿ ನಮ್ಮ ಮನೆಯೊಳಕ್ಕೆ ನಿಜವಾಗಿ ಬರುವುದು ಒಂದೇ, ಅದು ಮಾತು.

ಮಾತಿನ ವಿಷಯದಲ್ಲಿ ಈ ತಂತ್ರಜ್ಞಾನವು ಆರಂಭದಲ್ಲಿಯೇ ಒಂದು ಒಳ್ಳೆಯ ಪಾಠವನ್ನು ತೋರಿಸಿದ್ದಿತು. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದರ ಸಹಾಯದಿಂದ ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ಟೆಲಿವಿಷನ್ ತೋರಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದುವು. ಆ ಉಪಗ್ರಹವು ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಕಳುಹಿಸಬಲ್ಲದಾಗಿದ್ದಿತು. ಒಂದೇ ಚಿತ್ರಕ್ಕೆ ಆಂಧ್ರದ ಹಳ್ಳಿಗಳಲ್ಲಿ ತೆಲುಗು, ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ. ಚಿತ್ರವು ಒಂದಾದರೂ ಕೇಳುವವನ ಮಾತಿಗೆ ಮರ್ಯಾದೆ ತಪ್ಪಲಿಲ್ಲ. ಹನ್ನೆರಡು ವರ್ಷಗಳ ಮೇಲೆ, ೧೯೮೭ರಲ್ಲಿ, ದೂರದರ್ಶನದ ರಾಮಾಯಣವು ಭಾನುವಾರ ಬೆಳಗ್ಗೆ ಬರತೊಡಗಿದಾಗ ಇದ್ದುದು ಹಿಂದಿಯೊಂದೇ. ಬೀದಿಯ ಹತ್ತು ಮನೆಗಳವರು ಒಂದು ಪೆಟ್ಟಿಗೆಯ ಮುಂದೆ ಕುಳಿತಿರುವಾಗ, ಸಂಸ್ಕೃತ ಬಲ್ಲ ಹುಡುಗನೆಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿಯೊಂದು ಸಂಭಾಷಣೆಗೂ ಅರ್ಥ ಕೇಳುತ್ತಿದ್ದರು. ೨೦೨೦ರ ಲಾಕ್‌ಡೌನಿನಲ್ಲಿ ಹಿಂದೀ ಮಹಾಭಾರತಕ್ಕೆ ಕನ್ನಡದ ಧ್ವನಿಯನ್ನು ಕೂಡಿಸಿ ಸ್ಟಾರ್ ಸುವರ್ಣವು ಪ್ರಸಾರಮಾಡಿದಾಗ, ಡಬ್ಬಿಂಗನ್ನು ವಿರೋಧಿಸುವವರ ಆಕ್ಷೇಪಣೆಯನ್ನು ನಾನು ಬಲ್ಲೆನಾದರೂ, ನನ್ನಂಥ ದುಭಾಷಿಯ ಅಗತ್ಯವಿಲ್ಲದೆ ಮಕ್ಕಳು ಭೀಷ್ಮನ ಪ್ರತಿಜ್ಞೆಯನ್ನು ಕನ್ನಡದಲ್ಲಿ ಕೇಳಿದುದು ನನಗೆ ಸಂತೋಷವನ್ನೇ ಕೊಟ್ಟಿತು.

ಹಾಗಾದರೆ ಅಪಾಯವೆಲ್ಲಿದೆ? ಅದು ಮುಂಬಯಿಯಲ್ಲಿಲ್ಲ, ನಮಗೆ ಇನ್ನೂ ಹತ್ತಿರದಲ್ಲಿರುವುದೆಂದು ತೋರಿಸಿಕೊಟ್ಟವಳು ನನ್ನ ಏಳು ವರ್ಷದ ಮೊಮ್ಮಗಳು. ಒಂದು ದಿನ ನನ್ನ ಪತ್ನಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತ, "ಡಬ್ಬೀಲಿ ಇನ್ನೂ ಐತೆ, ತಗಂಬಾ" ಎಂದಳು. ಮಗು ಗಂಭೀರವಾಗಿ, "ಅಜ್ಜೀ, ಐತೆ ಅನ್ನಬಾರದು. ಇದೆ ಅನ್ನಬೇಕು. ಟೀವೀಲಿ ಕೆಲಸದವರು ಮಾತ್ರ ಐತೆ ಅಂತಾರೆ" ಎಂದಿತು. ಪತ್ನಿ ನಕ್ಕು, "ಹಂಗಾದ್ರೆ ನಾನೂ ಈ ಮನೆ ಕೆಲಸದಾಕಿನೇ ಬಿಡವ್ವಾ, ಮೂವತ್ತೈದು ವರ್ಷ ಮಾಡೀನಲ್ಲ" ಎಂದಳು. ಅವಳು ನಕ್ಕರೂ ಆ ಸಂಜೆಯೆಲ್ಲ ಮಗುವಿನೊಡನೆ ಮಾತನಾಡುವಾಗ ಒಂದೊಂದು ಪದಕ್ಕೂ ತಡೆದು ತಡೆದು ಆರಿಸಿಕೊಳ್ಳುತ್ತಿದ್ದುದನ್ನು ನಾನು ಕಂಡೆನು. ತನ್ನ ಮನೆಯಲ್ಲಿ, ತನ್ನ ಒಲೆಯ ಮುಂದೆ, ತನ್ನ ತಾಯಿಯಿಂದ ಬಂದ ಮಾತಿಗೆ ಹೆಂಗಸೊಬ್ಬಳು ಸಂಕೋಚಪಡಬೇಕಾಗಿ ಬಂದಿತು.

ಮಗು ಸುಳ್ಳನ್ನು ಹೇಳಿರಲಿಲ್ಲ. ಆ ಬಳಿಕ ನಾನು ಕೆಲವು ವಾರ ಧಾರಾವಾಹಿಗಳನ್ನು ಗಮನವಿಟ್ಟು ನೋಡಿದೆನು. ನಾನು ಕಂಡವುಗಳಲ್ಲಿ ನಾಯಕ ನಾಯಿಕೆಯರೂ ಅತ್ತೆ ಮಾವಂದಿರೂ ಆಡುವುದು ಬೆಂಗಳೂರಿನ ಒಂದೇ ಬಗೆಯ ಕನ್ನಡ. ಅದರಲ್ಲಿಯೂ ಕಾಲುಭಾಗ ಇಂಗ್ಲಿಷು. ಬಡವ, ಪೆದ್ದ, ಅಡಿಗೆಯವ, ನಗಿಸುವವ ಇವರ ಬಾಯಿಗೆ ಬಂದಾಗ ಮಾತ್ರ ನಮ್ಮ ಕಡೆಯ ಅಥವಾ ಇನ್ನಾವುದೋ ಜಿಲ್ಲೆಯ ಮಾತು. ಈ ಹಂಚಿಕೆಯನ್ನು ಮಾಡಿದವರು ಮುಂಬಯಿಯ ಒಡೆಯರಲ್ಲ. ಬೆಂಗಳೂರಿನಲ್ಲಿ ಕುಳಿತು ಕನ್ನಡದಲ್ಲಿ ಬರೆಯುವವರು. 'ಕಲರ್ಸ್' ಎಂಬ ಹೆಸರಿನಿಂದ ಕನ್ನಡಕ್ಕೆ ಕುಂದಾಯಿತೆಂದು ದುಃಖಿಸುವವರು ಈ ಕುಂದಿನ ಬಗೆಗೆ ಒಂದು ಮಾತನ್ನೂ ಆಡುವುದಿಲ್ಲ. ಇಲ್ಲಿ ಒಂದು ವ್ಯತ್ಯಾಸವನ್ನು ಹೇಳಿಬಿಡಬೇಕು. ಗ್ರಂಥಭಾಷೆಯನ್ನು ನಾನು ಜೀವಮಾನವೆಲ್ಲ ಕಲಿಸಿದವನು; ಈಗ ಬರೆಯುತ್ತಿರುವುದೂ ಅದರಲ್ಲಿಯೇ. ಆದರೆ ಗ್ರಂಥಭಾಷೆಯು ಯಾವ ಊರಿನ ಮನೆಮಾತೂ ಅಲ್ಲ. ಎಲ್ಲರೂ ಅದನ್ನು ಕಲಿತೇ ಪಡೆಯಬೇಕು. ಆದುದರಿಂದ ಅದರ ಮುಂದೆ ಯಾರೂ ಮೇಲಲ್ಲ, ಯಾರೂ ಕೀಳಲ್ಲ. ಒಂದು ಊರಿನ ಆಡುಮಾತನ್ನೇ ಎಲ್ಲರ ಮೇಲೆ ಕೂರಿಸಿ, ಉಳಿದ ಊರುಗಳ ಆಡುಮಾತನ್ನು ನಗೆಗೆ ಮೀಸಲಿಟ್ಟಾಗ ಮಾತ್ರ ಮೇಲು ಕೀಳುಗಳು ಹುಟ್ಟುವುವು.

ದಾವಣಗೆರೆ ಹರಿಹರಗಳ ಮಾತಾದರೋ ನಡುನಾಡಿನ ಮಾತು. ನನ್ನ ಬಾಲ್ಯದಲ್ಲಿ ಒಂದು ಕಡೆಯಿಂದ ಧಾರವಾಡದ, ಇನ್ನೊಂದು ಕಡೆಯಿಂದ ಭದ್ರಾವತಿಯ ಆಕಾಶವಾಣಿಯನ್ನು ಕೇಳುತ್ತ ಬೆಳೆದವರು ನಾವು. ಮೈಸೂರಿನ ಕಡೆಯವರು ಪುರಿ ಎಂಬುದನ್ನೂ ಧಾರವಾಡದವರು ಚುರುಮುರಿ ಎಂಬುದನ್ನೂ ನಾವು ಮಂಡಕ್ಕಿ ಎನ್ನುವೆವು. ಎರಡು ಸೀಮೆಯವರಿಗೂ ನಮ್ಮ ಮಾತು ತಿಳಿಯುವುದು, ಎರಡು ಸೀಮೆಯವರೂ ನಮ್ಮನ್ನು ಆಚೆಯವರೆನ್ನುವರು. ನಮ್ಮೂರಿನ ಚಿಂದೋಡಿ ಮನೆತನದವರ ನಾಟಕ ಕಂಪನಿಯು ಊರಿಂದೂರಿಗೆ ಡೇರೆ ಹಾಕಿ ಆಡಿದಾಗ, ಚಿಂದೋಡಿ ಲೀಲಾ ಅವರ ಮಾತನ್ನು ಕೇಳಲು ಜನ ಟಿಕೀಟು ಕೊಂಡು ಬರುತ್ತಿದ್ದರು. ಆ ಮಾತು ಯಾವ ಜಿಲ್ಲೆಯದೆಂದು ಯಾರೂ ಮುಖ ತಿರುಗಿಸಲಿಲ್ಲ.

ದೊಡ್ಡ ವಾಹಿನಿಗಳಿಂದ ಒಳ್ಳೆಯದೂ ಆಗಬಹುದೆಂಬುದಕ್ಕೆ ನದಿಯಾಚೆಯ ಹಾವೇರಿ ಜಿಲ್ಲೆಯಲ್ಲಿಯೇ ನಿದರ್ಶನವುಂಟು. ಕುರಿ ಕಾಯುತ್ತಿದ್ದ ಹನುಮಂತ ಎಂಬ ಯುವಕನು ಝೀ ಕನ್ನಡದ 'ಸರಿಗಮಪ' ಎಂಬ ಗಾಯನ ಸ್ಪರ್ಧೆಯಿಂದ ಮನೆಮಾತಾದನು. ೨೦೨೫ರ ಜನವರಿಯಲ್ಲಿ ಕಲರ್ಸ್ ಕನ್ನಡದ 'ಬಿಗ್ ಬಾಸ್' ಆಟವನ್ನೂ ಗೆದ್ದನು. ಒಂದರ ಅಚ್ಚು ಹಿಂದಿಯದು, ಇನ್ನೊಂದರ ಅಚ್ಚು ಯೂರೋಪಿನದು, ವಾಹಿನಿಗಳ ಹೆಸರು ಇಂಗ್ಲಿಷಿನವು; ಆದರೂ ಅವನು ತನ್ನ ಹಾವೇರಿಯ ಮಾತನ್ನು ಬಿಡಲಿಲ್ಲ, ನಾಡಿನವರು ಓಟು ಹಾಕಿ ಗೆಲ್ಲಿಸಿದರು. ಅವನ ಮಾತನ್ನು ಕೆಲವರು ತಮಾಷೆಗೆಂದೇ ಕೇಳಿರಬಹುದು. ಆದರೆ ನಮ್ಮ ಮೊಮ್ಮಗಳು ಅವನನ್ನು ತೋರಿಸಿ, "ತಾತಾ, ಇವನೂ ಅಜ್ಜಿ ಥರಾನೇ ಮಾತಾಡ್ತಾನೆ" ಎಂದಾಗ ಅವಳ ದನಿಯಲ್ಲಿ ಅಸಡ್ಡೆಯಿರಲಿಲ್ಲ. ಆ ಮಾತಿಗೆ ಬೆಲೆಯಿದೆಯೆಂದು ಪೆಟ್ಟಿಗೆಯೇ ಹೇಳಿದ ಮೇಲೆ ಮಗುವೂ ಒಪ್ಪಿತು. ಪೆಟ್ಟಿಗೆಗೆ ಇಷ್ಟು ಅಧಿಕಾರವಿರುವುದರಿಂದಲೇ ಅದರ ಮೇಲೆ ನಮ್ಮ ಕಣ್ಣಿರಬೇಕಾದುದು.

ಹರಿಹರದ ದೇವಸ್ಥಾನವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡ­ನಾಯಕನಾದ ಪೋಲಾಳ್ವನು ೧೨೨೪ರ ಹೊತ್ತಿಗೆ ಕಟ್ಟಿಸಿದನು. ಊರಿನ ಹಳೆಯ ಹೆಸರು ಕೂಡಲೂರು; ಹರಿದ್ರಾ ನದಿಯು ತುಂಗಭದ್ರೆಯನ್ನು ಕೂಡುವ ಸ್ಥಳ. ಹರಿಯಿಂದಲೂ ಹರನಿಂದಲೂ ಸಾಯದಂತೆ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೂರ್ತಿಯಾದರೆಂಬುದು ಸ್ಥಳಪುರಾಣ. ಗರ್ಭಗುಡಿಯಲ್ಲಿರುವುದು ಒಂದೇ ವಿಗ್ರಹ, ಒಂದೇ ಹೆಸರು. ಆದರೆ ಶಿಲ್ಪಿಯು ಎರಡು ಅರ್ಧಗಳನ್ನು ಉಜ್ಜಿ ಒಂದು ಮಾಡಲಿಲ್ಲ. ಹರನ ಕೈಯಲ್ಲಿ ಹರನ ಆಯುಧ, ಹರಿಯ ಕೈಯಲ್ಲಿ ಹರಿಯ ಆಯುಧ. ಕಿರೀಟವೂ ಎರಡು ಬಗೆ. ಎರಡೂ ಮತದವರು ಅಲ್ಲಿ ಕೈಮುಗಿಯುವುದು ತಮ್ಮ ದೇವರ ಗುರುತು ಅಳಿಯದೆ ಉಳಿದಿರುವುದರಿಂದ.

ವಾಹಿನಿಗಳ ಒಡೆಯರು ತಮಗೆ ಬೇಕಾದ ಹೆಸರನ್ನು ಇಟ್ಟುಕೊಳ್ಳಲಿ. ಅದನ್ನು ತಡೆಯುವ ಶಕ್ತಿ ನಮ್ಮಲ್ಲಿಲ್ಲ, ತಡೆದುದರಿಂದ ದೊಡ್ಡ ಲಾಭವೂ ಇಲ್ಲ. ಗೃಹಸ್ಥರು ಮಾಡಬಹುದಾದುದು ಬೇರೆಯಿದೆ. ಧಾರಾವಾಹಿಯೊಂದರಲ್ಲಿ ನಮ್ಮ ಸೀಮೆಯ ಮಾತು ಯಾರ ಬಾಯಲ್ಲಿದೆ, ಏಕಿದೆ ಎಂದು ಮಕ್ಕಳೊಡನೆ ಕುಳಿತು ಕೇಳಬಹುದು. ಹಿಡಿಸದಿದ್ದರೆ ವಾಹಿನಿಯವರಿಗೆ ಒಂದು ಪತ್ರವನ್ನು ಬರೆಯಬಹುದು, ಹಿಡಿಸಿದಾಗಲೂ ಬರೆಯಬಹುದು; ನೋಡುವವರ ಲೆಕ್ಕದ ಮೇಲೆ ಬದುಕುವವರು ನೋಡುವವರ ಮಾತಿಗೆ ಪೂರ್ಣ ಕಿವುಡಾಗಲಾರರು. ಎಲ್ಲಕ್ಕಿಂತ ಹೆಚ್ಚಾಗಿ, ದಿನಕ್ಕೆ ಅರ್ಧ ಗಂಟೆ ಪೆಟ್ಟಿಗೆಯನ್ನು ಮುಚ್ಚಿ ಮನೆಯ ಹಿರಿಯ ಹೆಂಗಸರಿಂದ ಒಂದು ಕಥೆಯನ್ನು ಅವರ ಮಾತಿನಲ್ಲಿಯೇ ಹೇಳಿಸಬಹುದು. ನಮ್ಮ ಮನೆಯಲ್ಲಿ ಈಗ ರಾತ್ರಿಯ ಊಟದ ಮೇಲೆ ಇದು ನಡೆಯುತ್ತಿರುವುದು. ಗುಹಾಸುರನ ಕಥೆ ಮೂರು ಸಲ ಆಗಿದೆ. ನಾಲ್ಕನೆಯ ಸಲ ಹೇಳುವಾಗ ಅಜ್ಜಿ "ಒಂದೂರಾಗೆ ಒಬ್ಬ ರಾಕ್ಷಸ ಇದ್ದ" ಎಂದು ತಿದ್ದಿಕೊಂಡು ಆರಂಭಿಸಿದರೆ, "ಹಂಗಲ್ಲ ಅಜ್ಜೀ, ಮೊನ್ನೆ 'ಇದ್ನಂತೆ' ಅಂದಿದ್ದೆ" ಎಂದು ಮೊಮ್ಮಗಳೇ ತಡೆಯುವಳು.